ಕೈ ಕೇಳಿದ್ದೇವೆ, ಹೆಸರು ಕೇಳಿಲ್ಲ: ಲೂಯಿಸ್ ಬ್ಯಾಂಕ್ಸ್ ಅವರ ಕೀಬೋರ್ಡ್ ಮತ್ತು ಸಾಥ್ ಮಾಡುವ ಕಲೆ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ವಲಾಂಡಿಯಿಂದ ಮಂಡಿಸಿದ ಉಪನ್ಯಾಸದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ನನ್ನ ದನಿ ಸರಿಯಾಗಿ ಕೇಳ್ತದಲ್ರಿ? ನಡುವ ನೆಟ್‌ವರ್ಕ್ ಹೋದ್ರ ಚಾಟ್‌ನ್ಯಾಗ ಬರೀರಿ, ಹೇಳಿದ್ದು ಮತ್ತೊಮ್ಮೆ ಹೇಳ್ತೀನಿ. ಅಧ್ಯಕ್ಷರ ಅಪ್ಪಣೆ ಪಡೆದು ಶುರು ಮಾಡ್ತೀನಿ.

ಇವತ್ತಿನ ವಿಷಯ ನೋಡಿ ಕೆಲವರಿಗೆ ಆಶ್ಚರ್ಯ ಆಗಿರಬೇಕು. ಉದಗೀರ, ನಿಲಂಗಾ, ಉಮರ್ಗಾ ಕಡೆಯ ಕನ್ನಡದ ಬಗ್ಗೆ ಮಾತಾಡುವ ವೇದಿಕೆಯಲ್ಲಿ ಒಬ್ಬ ಜಾಜ್ ಕೀಬೋರ್ಡ್ ವಾದಕನ ಹೆಸರು ಯಾಕೆ ಬಂತು? ಒಂದು ಸರಳ ಪ್ರಶ್ನೆ ಕೇಳ್ತೀನಿ. ನಿಮ್ಮಲ್ಲಿ ಎಷ್ಟು ಮಂದಿ ಲೂಯಿಸ್ ಬ್ಯಾಂಕ್ಸ್ ಅನ್ನೋ ಹೆಸರು ಕೇಳೀರಿ? ಮೂರು ಕೈ ಕಾಣ್ತಾವ. ‘ಮಿಲೇ ಸುರ್ ಮೇರಾ ತುಮ್ಹಾರಾ’ ಎಷ್ಟು ಮಂದಿ ಕೇಳೀರಿ? ಎಲ್ಲರ ಕೈ ಮ್ಯಾಲ ಅದಾವ. ಅಂದರೆ ಈ ಮನುಷ್ಯನ ಕೆಲಸ ನಾವೆಲ್ಲರೂ ಕೇಳಿದ್ದೇವೆ, ಹೆಸರು ಮಾತ್ರ ಕೇಳಿಲ್ಲ. ನನ್ನ ಪ್ರಬಂಧ ಹುಟ್ಟಿದ್ದೇ ಈ ಅಂತರದಿಂದ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಬ್ಯಾಂಕ್ಸ್ ಅವರ ವೃತ್ತಿಜೀವನವನ್ನು ಸೋಲೋ ವಾದಕನ ಅಳತೆಗೋಲಿನಿಂದ ಅಳೆದರೆ ಅದು ಚದುರಿದಂತೆ ಕಾಣುತ್ತದೆ: ಹೋಟೆಲ್, ಸಿನಿಮಾ, ಜಾಹೀರಾತು, ದೂರದರ್ಶನ, ನಡುನಡುವೆ ಜಾಜ್. ನಮ್ಮ ಸಂಗೀತದಲ್ಲಿ ಮೊದಲಿನಿಂದ ಇರುವ ‘ಸಾಥ್’ ಎಂಬ ಮಾತಿನಿಂದ ಅಳೆದರೆ ಅದೇ ಜೀವನ ಒಂದೇ ದಾರದಲ್ಲಿ ಕೂಡುತ್ತದೆ. ಅವರು ಎಲ್ಲಿ ಗೆದ್ದರು, ಎಲ್ಲಿ ಸೋತರು ಎಂಬುದೂ ಆ ಅಳತೆಯಿಂದಲೇ ತಿಳಿಯುತ್ತದೆ.

1. ಮೂರು ಮಾತುಗಳ ಅರ್ಥ

ಮುಂದೆ ಹೋಗುವ ಮೊದಲು ಮೂರು ಮಾತುಗಳನ್ನು ಬಿಡಿಸಿಕೊಳ್ಳೋಣ: ಫಂಕ್, ಸ್ಮೂತ್ ಜಾಜ್, ಕೀಬೋರ್ಡ್.

ಫಂಕ್ ಅಂದ್ರ 1960ರ ದಶಕದಲ್ಲಿ ಅಮೆರಿಕದ ಕಪ್ಪು ಜನರ ಸಂಗೀತದಿಂದ ಗಟ್ಟಿಯಾದ ಒಂದು ಲಯದ ರೀತಿ. ಜೇಮ್ಸ್ ಬ್ರೌನ್ ಅದರ ದೊಡ್ಡ ಹೆಸರು. ಆವರ್ತನದ ಮೊದಲ ಪೆಟ್ಟಿನ ಮೇಲೆ ಇಡೀ ವಾದ್ಯವೃಂದ ಭಾರ ಹಾಕುತ್ತದೆ. ನಮ್ಮ ಸಮ್ ಇದ್ದಂಗ ಅಂತ ಅನ್ನಬಹುದು, ಖರೇ ಒಂದು ವ್ಯತ್ಯಾಸ ಇದೆ. ಖಯಾಲದಲ್ಲಿ ಸಮ್ ಅಂದರೆ ತಿರುಗಾಡಿ ಬಂದು ಸೇರುವ ಮನೆ. ಫಂಕ್‌ನಲ್ಲಿ ಅದು ಹೊಸ್ತಿಲು, ಅಲ್ಲಿಂದ ಕಾಲು ಹೊರಗೆ ಇಡುವುದೇ ಆಟ. ಕೀಬೋರ್ಡ್ ವಾದಕ ಇಲ್ಲಿ ಸ್ವರವನ್ನು ಎಳೆಯುವುದಿಲ್ಲ, ಕತ್ತರಿಸುತ್ತಾನೆ. ಸ್ಟೀವಿ ವಂಡರ್ 1972ರಲ್ಲಿ ‘ಸೂಪರ್‌ಸ್ಟಿಷನ್’ ಹಾಡಿಗೆ ಕ್ಲಾವಿನೆಟ್ ನುಡಿಸಿದ್ದನ್ನು ಕೇಳಿದರೆ ಇದು ತಿಳಿಯುತ್ತದೆ. ಬೆರಳು ಸ್ವರಕ್ಕೆ ತಾಗಿ ತಕ್ಷಣ ಬಿಡುತ್ತದೆ, ಬಿಟ್ಟ ಜಾಗವೂ ತಾಳದ ಲೆಕ್ಕಕ್ಕೆ ಸೇರುತ್ತದೆ. ಮರುವರ್ಷ, 1973ರಲ್ಲಿ, ಹರ್ಬೀ ಹ್ಯಾನ್‌ಕಾಕ್ ‘ಹೆಡ್ ಹಂಟರ್ಸ್’ ಧ್ವನಿಮುದ್ರಿಕೆಯಲ್ಲಿ ಇದೇ ಲಯವನ್ನು ಜಾಜ್‌ನ ಒಳಗೆ ತಂದರು.

ಸ್ಮೂತ್ ಜಾಜ್ ಅಂದ್ರ ನುಣುಪಾದ ಜಾಜ್. ಇದು ಸಂಗೀತಗಾರರು ಇಟ್ಟುಕೊಂಡ ಹೆಸರಲ್ಲ, ರೇಡಿಯೋದವರು ಇಟ್ಟದ್ದು. 1987ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ‘ದಿ ವೇವ್’ ಎಂಬ ಕೇಂದ್ರ ಶುರುವಾದ ಮೇಲೆ ಈ ಶೈಲಿಯ ಪ್ರಸಾರ ಅಲ್ಲಿ ದೊಡ್ಡ ವ್ಯಾಪಾರವಾಯಿತು. ಕೆಲಸ ಮಾಡುತ್ತಾ, ಕಾರು ಓಡಿಸುತ್ತಾ ಕೇಳುವ ಸಂಗೀತ. ವಿಮರ್ಶಕರು ಇದನ್ನು ಬೈದಷ್ಟು ಬೇರೆ ಯಾವುದನ್ನೂ ಬೈದಿರಲಿಕ್ಕಿಲ್ಲ. ಲಿಫ್ಟ್‌ನೊಳಗಿನ ಸಂಗೀತ, ಧಾರ ಇಲ್ಲದ ಚಾಕು ಅಂತ. ಆದರೆ ಈ ಹೆಸರಿನ ಕೆಳಗೆ ಬಿದ್ದವರಲ್ಲಿ ಜೋ ಸ್ಯಾಂಪಲ್, ಜಾರ್ಜ್ ಡ್ಯೂಕ್ ಅಂಥ ದೊಡ್ಡ ಕೀಬೋರ್ಡ್ ವಾದಕರೂ ಇದ್ದಾರೆ. ಇಬ್ಬರೂ ತಮ್ಮ ಹೆಸರಿನ ಮುದ್ರಿಕೆಗಳ ಜೊತೆಗೆ ಇತರರ ಹಾಡಿನ ಹಿಂದೆ ಅಪಾರ ಕೆಲಸ ಮಾಡಿದವರು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ಕೀಬೋರ್ಡ್. ನಮಗೆ ಇದರ ಪರಿಚಯ ಪೇಟಿಯಿಂದ. 1840ರ ದಶಕದ ಆರಂಭದಲ್ಲಿ ಪ್ಯಾರಿಸ್‌ನ ಅಲೆಕ್ಸಾಂದ್ರ್ ದಬೇನ್ ಹಾರ್ಮೋನಿಯಂ ಮಾಡಿದರು. ಅದನ್ನು ನೆಲದ ಮೇಲೆ ಕೂತು ಕೈಯಿಂದ ಗಾಳಿ ಹಾಕುವ ಪೇಟಿಯಾಗಿ ಬದಲಿಸಿದ ಹೆಸರು ಕಲ್ಕತ್ತಾದ ದ್ವಾರಕಾನಾಥ ಘೋಷ್ ಅವರದು. ಪೇಟಿಗೂ ಕೀಬೋರ್ಡಿಗೂ ಒಂದೇ ದೋಷ. ಎರಡು ಮನೆಗಳ ನಡುವೆ ಇರುವ ಸ್ವರ ಅದಕ್ಕೆ ಸಿಗುವುದಿಲ್ಲ, ಮೀಂಡ್ ಬರುವುದಿಲ್ಲ. ಈ ಕಾರಣ ಮುಂದಿಟ್ಟುಕೊಂಡೇ ಆಕಾಶವಾಣಿ 1940ರಿಂದ 1971ರ ತನಕ ಹಾರ್ಮೋನಿಯಂ ಅನ್ನು ಹೊರಗೆ ಇಟ್ಟಿತ್ತು. ಮೂವತ್ತು ವರ್ಷ! ಆಗಲೂ ನಮ್ಮ ಭಜನಿ ಮಂಡಳಿಗಳು ಪೇಟಿ ಬಿಡಲಿಲ್ಲ. ಯಾಕಂದ್ರ ಜನರಿಗೆ ಬೇಕಾಗಿದ್ದು ಹಾಡುವವನ ದನಿಗೆ ಒಂದು ಆಸರೆ. ಮೀಂಡ್ ಹಾಡುವವನೇ ತಗೊಳ್ತಾನ.

2. ಡಾರ್ಜಿಲಿಂಗ್‌ನಿಂದ ಮುಂಬಯಿಗೆ

ಬ್ಯಾಂಕ್ಸ್ ಹುಟ್ಟಿದ್ದು 1941ರಲ್ಲಿ, ಡಾರ್ಜಿಲಿಂಗ್‌ನಲ್ಲಿ, ನೇಪಾಳಿ ಮಾತಾಡುವ ಕುಟುಂಬದಲ್ಲಿ. ಹುಟ್ಟುಹೆಸರು ದಂಬರ್ ಬಹಾದ್ದೂರ್ ಬುಢಾಪೃಥಿ. ತಂದೆ ಪುಷ್ಕರ್ ಬಹಾದ್ದೂರ್ ಟ್ರಂಪೆಟ್ ವಾದಕರು. ಯುರೋಪಿಯನ್ನರ ಕ್ಲಬ್‌ಗಳಲ್ಲಿ ನುಡಿಸುವ ವೃತ್ತಿಯಲ್ಲಿ ಅವರು ಜಾರ್ಜ್ ಬ್ಯಾಂಕ್ಸ್ ಆದರು, ಮಗನಿಗೆ ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಹೆಸರು ಬಂತು. ಇಲ್ಲಿ ಗಡಿಯ ಜನ ಸ್ವಲ್ಪ ನಿಂತು ಯೋಚಿಸಬೇಕು. ಹೊಟ್ಟೆಪಾಡಿನ ಭಾಷೆ ಒಂದು, ಮನೆಯ ಭಾಷೆ ಒಂದು, ಹೆಸರು ಮೂರನೆಯದು. ಶಾಲೆಯ ಹಾಜರಿಯಲ್ಲಿ ಮರಾಠಿ ಧಾಟಿಯ ಹೆಸರು, ಮನೆಯಲ್ಲಿ ಅವ್ವ ಕರೆಯುವ ಕನ್ನಡದ ಹೆಸರು ಇರುವ ನಮಗೆ ಇದು ವಿಚಿತ್ರ ಅನ್ನಿಸುವುದಿಲ್ಲ.

ಮುಂದೆ ಕಾಠ್ಮಂಡು, ಆಮೇಲೆ ಕಲ್ಕತ್ತಾ. ಅಲ್ಲಿಯ ಪಾರ್ಕ್ ಸ್ಟ್ರೀಟಿನ ಬ್ಲೂ ಫಾಕ್ಸ್ ರೆಸ್ಟೋರೆಂಟಿನಲ್ಲಿ ಅವರ ವಾದ್ಯವೃಂದ ನುಡಿಸುತ್ತಿತ್ತು. ಗೋವಾ ಮೂಲದ ಸ್ಯಾಕ್ಸೊಫೋನ್ ವಾದಕ ಬ್ರಾಜ್ ಗೊನ್ಸಾಲ್ವಿಸ್ ಜೊತೆಗಿದ್ದರು, ಗಾಯಕಿ ಪ್ಯಾಮ್ ಕ್ರೇನ್ ಹಾಡುತ್ತಿದ್ದರು. ಅಲ್ಲಿ ಕೇಳಿದ ಆರ್. ಡಿ. ಬರ್ಮನ್ ಅವರನ್ನು ಮುಂಬಯಿಗೆ ಕರೆಸಿಕೊಂಡರು. 1977ರ ‘ಮುಕ್ತಿ’ ಚಿತ್ರದ ಹಾಡುಗಳಲ್ಲಿ ಕೇಳುವ ಪಿಯಾನೋ ಅವರದು. ಮುಂಬಯಿಯಲ್ಲಿ ನೆಲೆ ನಿಂತ ಮೇಲೆ ಸಿನಿಮಾದ ರೆಕಾರ್ಡಿಂಗ್, ಲೆಕ್ಕವಿಲ್ಲದಷ್ಟು ಜಾಹೀರಾತು ಜಿಂಗಲ್‌ಗಳು, ಜೊತೆಗೆ ಜಾಜ್ ಕಛೇರಿಗಳು.

ಈ ಪಟ್ಟಿಯಲ್ಲಿ ಒಂದು ಸಂಗತಿ ಗಮನಿಸಿ. ಬ್ಲೂ ಫಾಕ್ಸ್‌ಗೆ ಜನ ಬರುತ್ತಿದ್ದದ್ದು ಊಟಕ್ಕೆ. ಚಮಚದ ಸದ್ದು, ಮಾತು, ನಗು, ಇದರ ನಡುವೆ ನುಡಿಸಬೇಕು. ಗದ್ದಲ ಮಾಡಿದರೆ ಮಾಲೀಕ ಒಪ್ಪುವುದಿಲ್ಲ, ಸಪ್ಪಗೆ ನುಡಿಸಿದರೆ ಪಕ್ಕದಲ್ಲಿ ಕೂತ ಸಂಗೀತಗಾರ ಒಪ್ಪುವುದಿಲ್ಲ. ಅಮೆರಿಕದ ವಿಮರ್ಶಕರು ಸ್ಮೂತ್ ಅನ್ನುವುದನ್ನು ರುಚಿಯ ದೋಷ ಎಂದು ನೋಡಿದರು. ಭಾರತದ ಮಟ್ಟಿಗೆ ಅದನ್ನು ಕೆಲಸದ ಜಾಗದ ಷರತ್ತು ಎಂದು ನೋಡಬೇಕು ಅಂತ ನನ್ನ ಅಭಿಪ್ರಾಯ. ಇಲ್ಲಿ ಜಾಜ್‌ಗೆ ಹೋಟೆಲೇ ಮುಖ್ಯ ಆಶ್ರಯ. ರಾಜಾಶ್ರಯದ ಸಂಗೀತದ ಮೇಲೆ ಆಸ್ಥಾನದ ಗುರುತು ಬಿದ್ದ ಹಾಗೆ ಈ ಸಂಗೀತದ ಮೇಲೆ ಊಟದ ಮೇಜಿನ ಗುರುತು ಬಿದ್ದಿದೆ. ನುಣುಪಿನ ಒಳಗೆ ಎಷ್ಟು ಲಯದ ಬಿಗಿ ಉಳಿಸಿಕೊಂಡರು ಎಂಬುದು ಕೇಳಬೇಕಾದ ಪ್ರಶ್ನೆ. ಬ್ಯಾಂಕ್ಸ್ ಅವರ ಎಡಗೈಯಲ್ಲಿ ಆ ಬಿಗಿ ಇದೆ. ಬಲಗೈ ಎಷ್ಟೇ ಮೆತ್ತಗೆ ಮಾತಾಡಲಿ, ಎಡಗೈ ಫಂಕ್‌ನ ಕತ್ತರಿಯನ್ನು ಬಿಡುವುದಿಲ್ಲ.

3. ಭೈರವಿಯ ಕೆಳಗೆ ಏನು ಇಡಬೇಕು?

ಈಗ ‘ಮಿಲೇ ಸುರ್’ಗೆ ಬರೋಣ. 1988ರ ಆಗಸ್ಟ್ 15ರಂದು ದೂರದರ್ಶನದಲ್ಲಿ ಮೊದಲು ಬಂತು. ಸಾಹಿತ್ಯ ಪೀಯೂಷ್ ಪಾಂಡೆ ಅವರದು, ಧಾಟಿ ಅಶೋಕ ಪತ್ಕಿ ಅವರದು, ವಾದ್ಯಸಂಯೋಜನೆ ಲೂಯಿಸ್ ಬ್ಯಾಂಕ್ಸ್ ಅವರದು. ಶುರುವಿನ ದನಿ ಪಂಡಿತ ಭೀಮಸೇನ ಜೋಶಿ. ಗದಗಿನವರು, ಕುಂದಗೋಳದಲ್ಲಿ ಸವಾಯಿ ಗಂಧರ್ವರ ಹತ್ತಿರ ಕಲಿತವರು, ಪುಣೆಯಲ್ಲಿ ಬಾಳಿದವರು. ಕನ್ನಡ ಮನೆಯ ದನಿ, ಮಹಾರಾಷ್ಟ್ರದ ವಿಳಾಸ. ನಮ್ಮ ಪರಿಸ್ಥಿತಿಯೇ ಅಲ್ಲೇನ್ರಿ? 1956ರ ತನಕ ಉದಗೀರ, ನಿಲಂಗಾ ತಾಲೂಕುಗಳು ಬೀದರ ಜಿಲ್ಲೆಯಲ್ಲಿದ್ದವು. ಗೆರೆ ಸರಿಯಿತು, ಮನೆಮಾತು ಉಳಿಯಿತು.

ಒಂದು ತುಣುಕು ಕೇಳೋಣ.

(ಹಾಡಿನ ಆರಂಭದ ಭಾಗವನ್ನು ಕೇಳಿಸಲಾಯಿತು.)

ಹಾಡು ಭೈರವಿಯಲ್ಲಿದೆ. ರೆ, ಗ, ಧ, ನಿ ಕೋಮಲ. ರಾಗಕ್ಕೆ ಪಾಶ್ಚಾತ್ಯ ಪದ್ಧತಿಯ ಸ್ವರಗುಚ್ಛ, ಅಂದ್ರ ಕಾರ್ಡ್, ಹಚ್ಚುವುದು ಭಾಳ ಅಪಾಯದ ಕೆಲಸ. ಮನ್ಯಾಗ ಪೇಟಿ ಇದ್ದವರು ಈಗಲೇ ಒತ್ತಿ ನೋಡ್ರಿ. ಸಾ, ಕೋಮಲ ಗ, ಪ ಮೂರನ್ನೂ ಒಟ್ಟಿಗೆ ಒತ್ತಿರಿ. ಒಂದು ಮಬ್ಬು ಬಂತು. ಈಗ ಸಾ, ಗ ಹಾಗೇ ಇರಲಿ. ಪಂಚಮ ಬಿಟ್ಟು, ಕೆಳಗಿನ ಕೋಮಲ ಧೈವತ ಒತ್ತಿರಿ. ಮಬ್ಬು ಹೋಗಿ ಬೆಳಕು ಬಿತ್ತು. ಮೇಲೆ ಹಾಡುವವರು ಅದೇ ಷಡ್ಜದ ಮೇಲೆ ನಿಂತಿದ್ದಾರೆ, ಆದರೆ ಕೆಳಗಿನ ಒಂದು ಬೆರಳು ಆ ಷಡ್ಜದ ಅರ್ಥ ಬದಲಿಸಿತು. ತಂಬೂರಿ ಹೀಗೆ ಮಾಡುವುದಿಲ್ಲ. ತಂಬೂರಿ ನೆಲ ಕೊಡುತ್ತದೆ, ಅಭಿಪ್ರಾಯ ಕೊಡುವುದಿಲ್ಲ. ಕೀಬೋರ್ಡ್ ಮಾತ್ರ ಪ್ರತಿ ಸಲ ಅಭಿಪ್ರಾಯ ಹೇಳುತ್ತದೆ.

ಹಾಗಾಗಿ ಸಂಯೋಜಕನ ಮೊದಲ ಪರೀಕ್ಷೆ ಎಲ್ಲಿ ಸುಮ್ಮನಿರಬೇಕು ಅನ್ನುವುದು. ಭೀಮಸೇನರ ದನಿಯ ಕೆಳಗೆ ಸಾಮಾನು ಬಹಳ ಕಡಿಮೆ ಇದೆ. ಅವರು ರಾಗವನ್ನು ನೆಲೆಗೊಳಿಸಿದ ಮೇಲೆ, ಭಾಷೆಗಳು ಒಂದೊಂದಾಗಿ ಬಂದಂತೆ, ವಾದ್ಯಗಳೂ ಲಯವೂ ಬದಲಾಗುತ್ತ ಹೋಗುತ್ತವೆ. ಬಾಲಮುರಳಿಕೃಷ್ಣ ಬಂದಾಗ ವೀಣೆಯ ನಾದ, ಕೊನೆಗೆ ಲತಾ ಮಂಗೇಶ್ಕರ್, ಆಮೇಲೆ ರಾಷ್ಟ್ರಗೀತೆಯ ಧಾಟಿಯ ನೆರಳು. ಸುಮಾರು ಆರು ನಿಮಿಷದ ಹಾಡಿನಲ್ಲಿ ಎಷ್ಟೊಂದು ಜೋಡಣೆಗಳಿವೆ. ಒಂದು ಭಾಷೆಯಿಂದ ಇನ್ನೊಂದಕ್ಕೆ ಹೊರಳುವಾಗ ಜರ್ಕ್ ಹೊಡೆಯುವುದಿಲ್ಲ. ಈ ಹೊರಳುವಿಕೆಯೇ ಬ್ಯಾಂಕ್ಸ್ ಅವರ ಸಹಿ. ಹೋಟೆಲಿನಲ್ಲಿ ಒಂದು ಹಾಡಿನಿಂದ ಇನ್ನೊಂದಕ್ಕೆ ಊಟ ಮಾಡುವವನ ಗಮನಕ್ಕೆ ಬಾರದಂತೆ ಜಾರಿದ ಕೈ, ಇಲ್ಲಿ ಕನ್ನಡದಿಂದ ತೆಲುಗಿಗೆ, ಬಂಗಾಳಿಯಿಂದ ಅಸ್ಸಾಮಿಗೆ ಜಾರುವ ದಾರಿ ಮಾಡಿಕೊಟ್ಟಿದೆ. ಬೈಗುಳದ ಮಾತಾದ ಆ ‘ಸ್ಮೂತ್’ ಇಲ್ಲಿ ಗುಣವಾಯಿತು.

4. ಬೆಂಗಳೂರಿನ ದನಿ, ಮುಂಬಯಿಯ ಕೀಬೋರ್ಡ್

ಕರ್ನಾಟಕದ ಜೊತೆ ಅವರ ನೇರ ಸಂಬಂಧ ಗಾಯಕಿ ಆರ್. ಎ. ರಾಮಮಣಿ ಅವರ ಮೂಲಕ. ಬೆಂಗಳೂರಿನಲ್ಲಿ ಮೃದಂಗ ವಿದ್ವಾಂಸ ಟಿ. ಎ. ಎಸ್. ಮಣಿ 1964ರಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಕಟ್ಟಿದರು. ರಾಮಮಣಿ ಆ ಸಂಸ್ಥೆಯ ಮುಖ್ಯ ದನಿ. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಈ ತಂಡ ಮಾಡಿದ ‘ಜ್ಯೋತಿ’ 1983ರಲ್ಲಿ ಜರ್ಮನಿಯ ಇಸಿಎಂ ಕಂಪನಿಯಿಂದ ಬಂತು. ಅದೇ ದಶಕದಲ್ಲಿ ಬ್ಯಾಂಕ್ಸ್ ಮತ್ತು ಗೊನ್ಸಾಲ್ವಿಸ್ ಅವರ ಇಂಡೋ-ಜಾಜ್ ಕೂಟದಲ್ಲಿ ರಾಮಮಣಿ ಹಾಡಿದರು.

ಈ ಎರಡು ಜೊತೆಗಾರಿಕೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಕೀಬೋರ್ಡಿನ ಕಷ್ಟ ತಿಳಿಯುತ್ತದೆ. ಸ್ಯಾಕ್ಸೊಫೋನಿಗೆ ಉಸಿರಿದೆ. ತುಟಿ ಸಡಿಲಿಸಿ, ಬಿಗಿದು ಗಮಕದ ಹತ್ತಿರಕ್ಕೆ ಹೋಗಬಹುದು. ಕೀಬೋರ್ಡಿಗೆ ಆ ದಾರಿ ಇಲ್ಲ. ಜಾರ್ಜ್ ಡ್ಯೂಕ್ ಅಂಥವರು 1970ರ ದಶಕದಲ್ಲಿ ಸಿಂಥಸೈಸರ್‌ನ ಪಕ್ಕದ ಚಕ್ರ ತಿರುಗಿಸಿ ಸ್ವರ ಬಗ್ಗಿಸಿದರು, ಗಿಟಾರಿನ ಹಾಗೆ ಅಳಿಸಿದರು. ಆದರೆ ಕರ್ನಾಟಕ ಗಾಯನದ ಗಮಕ ಸ್ವರವನ್ನು ಬರೀ ಬಗ್ಗಿಸುವ ಕೆಲಸ ಅಲ್ಲ. ಸ್ವರ ಹೇಗೆ ಹುಟ್ಟುತ್ತದೆ, ಯಾವ ಸ್ವರವನ್ನು ಮುಟ್ಟಿ ಬರುತ್ತದೆ ಅನ್ನುವುದು ಅದರ ಜೀವ. ಹಾಡುವವರ ಹಿಂದೆಯೇ ಚಕ್ರ ತಿರುಗಿಸುತ್ತ ಓಡಿದರೆ ಅಣಕು ಮಾಡಿದಂತಾಗುತ್ತದೆ.

ಉಳಿದ ದಾರಿ ಲಯದ್ದು. ಕೊನ್ನಕ್ಕೋಲಿನ ಸೊಲ್ಲುಗಳು ಮತ್ತು ಫಂಕ್‌ನ ಕತ್ತರಿಸಿದ ಸ್ವರಗಳು ಒಂದೇ ಜಾಗದಲ್ಲಿ ಕೈ ಕುಲುಕಬಲ್ಲವು. ಎಂಟು ಅಕ್ಷರದ ಆದಿತಾಳ, ಪ್ರತಿ ಅಕ್ಷರಕ್ಕೆ ನಾಲ್ಕು ಮಾತ್ರೆ. ಫಂಕ್ ಕೂಡ ಒಂದು ಪೆಟ್ಟನ್ನು ನಾಲ್ಕಾಗಿ ಒಡೆದೇ ಆಡುತ್ತದೆ. ರಾಗದ ವಿಷಯದಲ್ಲಿ ಕೀಬೋರ್ಡ್ ದೂರ ನಿಂತು, ಲಯದ ವಿಷಯದಲ್ಲಿ ಹತ್ತಿರ ಬರುವುದು: ಇಂಥ ಕೂಟಕ್ಕೆ ಪ್ರಾಮಾಣಿಕ ದಾರಿ ಇದೇ. ಇಂಡೋ-ಜಾಜ್ ಎಂಬ ಹೆಸರಿನಲ್ಲಿ ಬಂದ ಎಷ್ಟೋ ಪ್ರಯೋಗಗಳು ಬಿದ್ದದ್ದು ರಾಗದ ಕೆಳಗೆ ದಪ್ಪ ಕಾರ್ಡ್ ಹಾಸಿ ‘ಮಿಲನ’ ಅಂತ ಕರೆದಾಗ.

5. ಎಲ್ಲಿ ಸೋತರು?

ವಿಮರ್ಶೆ ಅಂದಮೇಲೆ ಹೊಗಳಿಕೆಗೆ ನಿಲ್ಲಿಸಬಾರದು. 2010ರ ಜನವರಿ 26ರಂದು ‘ಫಿರ್ ಮಿಲೇ ಸುರ್’ ಬಂತು. ಇದರ ಸಂಗೀತದ ಹೊಣೆಯೂ ಬ್ಯಾಂಕ್ಸ್ ಅವರದೇ. ಆರು ನಿಮಿಷದ್ದು ಹದಿನಾರು ನಿಮಿಷ ಆಯಿತು. ಸಿನಿಮಾ ನಟರು ತುಂಬಿದ್ದಾರೆ ಎಂಬ ಟೀಕೆ ಆಗಲೇ ಬಂದಿತ್ತು. ಅದು ಚಿತ್ರದ ಬಗ್ಗೆ ಆಯಿತು. ಕಿವಿಯ ದೂರು ಬೇರೆ. ಇಲ್ಲಿ ಸುಮ್ಮನಿರುವ ಜಾಗವೇ ಇಲ್ಲ. ಪ್ರತಿ ಕಲಾವಿದನಿಗೂ ಪ್ರವೇಶ, ಪ್ರತಿ ಪ್ರವೇಶಕ್ಕೂ ಹೊಳಪು. ಎಲ್ಲರೂ ಮುಂದೆ ಬಂದು ನಿಂತ ಮೇಲೆ ಹಿಂದೆ ನಿಂತು ಕೇಳುವವರು ಯಾರು? 1988ರಲ್ಲಿ ಜೋಡಣೆ ಹಾಡುವವರ ಹಿಂದೆ ನಡೆದಿತ್ತು, 2010ರಲ್ಲಿ ಜೋಡಣೆಯೇ ಮೆರವಣಿಗೆಯ ಮುಂದೆ ಬಂತು. ಸಾಥ್ ತಪ್ಪಿದ್ದು ಅಲ್ಲಿ. ಇದಕ್ಕೆ ಒಬ್ಬರನ್ನೇ ಹೊಣೆ ಮಾಡಲಾಗದು. ಕೇಳಿದ್ದನ್ನು ಮಾಡಿಕೊಡುವುದು ಸಂಯೋಜಕನ ವೃತ್ತಿ. ಆದರೆ ಆ ವೃತ್ತಿಯ ಅಪಾಯವೂ ಅದೇ: ಕೇಳುವ ಕಾಲ ಕೆಟ್ಟರೆ ಕೈಯೂ ಅದರ ಜೊತೆ ಹೋಗುತ್ತದೆ.

ಇದಕ್ಕೆ ಎದುರಾಗಿ ಎರಡು ವರ್ಷ ಹಿಂದಿನ ಕೆಲಸ ಇಡೋಣ. ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಚೆನ್ನೈಯಲ್ಲಿ ಮುದ್ರಿಸಿದ ‘ಫ್ಲೋಟಿಂಗ್ ಪಾಯಿಂಟ್’ 2008ರಲ್ಲಿ ಬಂತು. ಅದೇ ವರ್ಷ ಮೈಲ್ಸ್ ಡೇವಿಸ್ ಸಂಗೀತವನ್ನು ಭಾರತೀಯ ವಾದಕರ ಜೊತೆ ಮತ್ತೆ ನುಡಿಸಿದ ‘ಮೈಲ್ಸ್ ಫ್ರಮ್ ಇಂಡಿಯಾ’ ಬಂತು. ಎರಡರಲ್ಲೂ ಬ್ಯಾಂಕ್ಸ್ ಇದ್ದಾರೆ. ಎರಡೂ ಸಮಕಾಲೀನ ಜಾಜ್ ವಿಭಾಗದಲ್ಲಿ ಒಂದೇ ಸಲ ಗ್ರ್ಯಾಮಿಗೆ ನಾಮಕರಣಗೊಂಡವು. ಆಗ ಅವರ ವಯಸ್ಸು 67. ‘ಫ್ಲೋಟಿಂಗ್ ಪಾಯಿಂಟ್’ ಕೇಳುವಾಗ ಗಿಟಾರಿನ ಹಿಂದೆ ಕಿವಿ ಇಡಿ. ಅಲ್ಲಿಯ ಕೀಬೋರ್ಡ್ ತಾನು ಇದ್ದೇನೆ ಅಂತ ಹೇಳಿಕೊಳ್ಳುವುದಿಲ್ಲ. ಆದರೆ ಅದನ್ನು ಮನಸ್ಸಿನಲ್ಲೇ ತೆಗೆದು ನೋಡಿ, ಮೇಲಿನ ವೇಗಕ್ಕೆ ನಿಲ್ಲಲು ನೆಲ ಇರುವುದಿಲ್ಲ. ಅವರ ವೃತ್ತಿಜೀವನದ ಎತ್ತರ ಇಲ್ಲಿದೆ ಎಂದು ನಾನು ಹೇಳುತ್ತೇನೆ. ಎರಡೂ ಮುದ್ರಿಕೆಗಳ ಮುಖಪುಟದ ಮೇಲೆ ಇರುವುದು ಬೇರೆಯವರ ಹೆಸರು. ಅದೂ ಇದೇ ಕಥೆಯ ಭಾಗ.

6. ಇದು ನಮಗೆ ಯಾಕೆ ಬೇಕು?

ನಮ್ಮ ಭಾಗದಲ್ಲಿ ಈಗ ಏನು ನಡೆದಿದೆ ನೋಡ್ರಿ. ಮದುವಿ, ಜಾತ್ರಿ, ಸಪ್ತಾಹ, ಎಲ್ಲಾ ಕಡೆ ಪೇಟಿಯ ಜಾಗಕ್ಕೆ ಕೀಬೋರ್ಡ್ ಬರ್ತಾ ಇದೆ. ಅದರಾಗ ಸ್ಟೈಲ್ ಅಂತ ಒಂದು ಬಟನ್ ಇರ್ತದ. ಒತ್ತಿದರ ತಬಲಾ, ಢೋಲಕಿ, ಬಾಸ್, ಕಾರ್ಡ್ ಎಲ್ಲಾ ತಾನೇ ಬಾರಿಸ್ತದ. ಹುಡುಗರು ಬಲಗೈಲೆ ಧಾಟಿ ಅಷ್ಟೇ ನುಡಿಸ್ತಾರ. ಯಂತ್ರ ಹೆಜ್ಜೆ ತಪ್ಪುವುದಿಲ್ಲ, ಖರೇ ಅದು ಕೇಳುವುದೂ ಇಲ್ಲ. ಹಾಡುವ ಅಜ್ಜ ಉಸಿರು ತೆಗೆದುಕೊಳ್ಳಲು ಅರ್ಧ ಮಾತ್ರೆ ಹೆಚ್ಚು ತೆಗೆದುಕೊಂಡರೆ ಹಳೇ ಪೇಟಿ ಮಾಸ್ತರ ಗಾಳಿ ಹಿಡಿದು ಕಾಯ್ತಿದ್ದ. ಬಟನ್ ಕಾಯುವುದಿಲ್ಲ. ಅಜ್ಜನೇ ಯಂತ್ರದ ಹಿಂದೆ ಓಡಬೇಕು. ಕೊನೆಗೆ ಅಜ್ಜ ಹಾಡುವುದನ್ನೇ ಬಿಡ್ತಾನ. ಆ ಪದಗಳು ಕನ್ನಡದವು. ಒಬ್ಬ ಅಜ್ಜ ಹಾಡು ಬಿಟ್ಟರೆ ವಲಾಂಡಿಯಂಥ ಊರಲ್ಲಿ ಕನ್ನಡ ಗಟ್ಟಿಯಾಗಿ ಕೇಳುವ ಒಂದು ಸಂಜೆ ಕಡಿಮೆ ಆಗ್ತದ.

ಆದ್ದರಿಂದ ವಿದ್ಯುತ್ ಕೀಬೋರ್ಡ್ ಬಂದದ್ದನ್ನು ಬೈದು ಪ್ರಯೋಜನ ಇಲ್ಲ. ಆ ವಾದ್ಯದ ಮೇಲೆ ಕೇಳುವ ಕಲೆಯನ್ನು ಬೆಳೆಸಿದವರು ಇದ್ದಾರೆ ಎಂದು ಹುಡುಗರಿಗೆ ತೋರಿಸಬೇಕು. ಬ್ಯಾಂಕ್ಸ್ ಅವರ ಹೆಸರು ಬೇಕಾಗಿರುವುದು ಅದಕ್ಕಾಗಿ.

ಚರ್ಚೆ

ಪ್ರಶ್ನೆ (ನಿಲಂಗಾದಿಂದ): ಸರ್, ಜಾಜ್ ಅನ್ನೋದು ಶ್ರೀಮಂತರ ಹೋಟೆಲಿನ ಸಂಗೀತ ಅಂತ ನೀವೇ ಒಪ್ಪಿದ್ರಿ. ಅದನ್ನ ನಮ್ಮ ಭಜನಿಗೆ ಹೋಲಿಸೋದು ಎಳೆದು ಕಟ್ಟಿದಂಗ ಆಗೋದಿಲ್ಲೇನು?

ಉತ್ತರ: ಸಂಗೀತ ಎರಡೂ ಒಂದೇ ಅಂತ ನಾನು ಹೇಳಿಲ್ರಿ. ಕೂತು ಕೇಳುವವರು ಬೇರೆ, ದುಡ್ಡು ಬೇರೆ, ದೇವರು ಬೇರೆ. ಹೋಲಿಕೆ ಇರುವುದು ಕೆಲಸದಲ್ಲಿ. ಪಕ್ಕದವನ ದನಿ ಕೇಳಿ ತನ್ನ ಕೈ ತೂಗುವ ಕೆಲಸ ಬ್ಲೂ ಫಾಕ್ಸ್‌ನಲ್ಲೂ ಅದೇ, ಗುಡಿ ಕಟ್ಟೆ ಮೇಲೂ ಅದೇ. ಇನ್ನೊಂದು, ಜಾಜ್ ಹುಟ್ಟಿದ್ದು ಬಡವರ ಮನೆಯಲ್ಲಿ, ಗುಲಾಮಗಿರಿಯಿಂದ ಹೊರಬಂದ ಜನರ ನಡುವೆ. ಹೋಟೆಲಿಗೆ ಬಂದದ್ದು ಆಮೇಲೆ.

ಪ್ರಶ್ನೆ (ಉಮರ್ಗಾದಿಂದ): ನನ್ನ ಮಗಳು ಒಂಬತ್ತನೇತ್ತಾ ಓದ್ತಾಳ್ರಿ, ಕೀಬೋರ್ಡ್ ಕೊಡಿಸು ಅಂತಾಳ. ಮೊದಲು ಪೇಟಿ ಕಲಿಸಬೇಕೋ, ಕೀಬೋರ್ಡೋ?

ಉತ್ತರ: ಯಾವುದಿದ್ರೂ ನಡೀತದ್ರಿ. ಕೀಬೋರ್ಡ್ ಆದ್ರ ಮೊದಲ ಆರು ತಿಂಗಳು ಸ್ಟೈಲ್ ಬಟನ್ ಮುಟ್ಟಬಾರದು ಅಂತ ಹೇಳ್ರಿ. ಮನ್ಯಾಗ ಅಜ್ಜಿ ಇದ್ದಾರೇನ್ರಿ? ಅವರು ಬೀಸುವಾಗ, ತೂಗುವಾಗ ಹಾಡಿದ ಒಂದು ಪದ ಹಾಡಿಸ್ರಿ. ಅಜ್ಜಿ ದನಿ ಯಾವ ಪಟ್ಟಿಗೆ ಕೂಡ್ತದ, ಕರಿ ಒಂದೋ, ಕರಿ ಎರಡೋ, ಅಂತ ಹುಡುಗಿನೇ ಹುಡುಕಲಿ. ಅಜ್ಜಿ ಎಲ್ಲಿ ಉಸಿರು ತಗೊಳ್ತಾರ ಅಲ್ಲಿ ಕೈ ಎತ್ತಲಿ. ಅಷ್ಟು ಬಂದ್ರ ಪಾಠ ಶುರು ಆಯ್ತು ಅಂತ ತಿಳೀರಿ.

ಸಮಯ ಆಯ್ತು ಅಂತ ಅಧ್ಯಕ್ಷರು ಚಾಟ್‌ನ್ಯಾಗ ಬರದಾರ.